ಎಡಕ್ಕೆ ಬೀಳುವ ಗುಂಡು

ಗಂಗಾವತಿ
೮ ಜುಲೈ ೨೦೨೪

ಉಸ್ತಾದ್ ರಾಜಾಸಾಬರಿಗೆ ಸಿದ್ದಲಿಂಗೇಶನ ಸೆಲ್ಯೂಟ್.

ನಿಮಗೆ ಎರಡು ಸಲ ಫೋನ್ ಮಾಡಿದೆ. ಮೊದಲ ಸಲ ನೀವೇ ಎತ್ತಿದಿರಿ. ನಾನು ಸಿದ್ದಲಿಂಗೇಶ ಅಂದರೆ ನೀವು "ಸಿಲಿಂಡರ್ ನಿನ್ನೇನ ಬಂದೈತಿ" ಅಂದು ಇಟ್ಟುಬಿಟ್ಟಿರಿ. ಎರಡನೇ ಸಲ ಅಮ್ಮನವರು ಎತ್ತಿ, "ಅವರಿಗೆ ಫೋನಿನ್ಯಾಗ ಏನೂ ಕೇಳ್ಸಂಗಿಲ್ಲಪ್ಪ, ಪತ್ರ ಬರಿ, ಓದ್ತಾರ" ಅಂದರು. ಕಿವಿಗೆ ಹತ್ತಿ ಕೂಡ ಇಟ್ಟುಕೊಳ್ಳದೆ ವರ್ಷಗಟ್ಟಲೆ ಪೊಲೀಸರ ಫೈರಿಂಗ್ ರೇಂಜಿನಲ್ಲಿ ನಿಂತು ನಮಗೆಲ್ಲ ಕಲಿಸಿದವರು ನೀವು. ಕಿವಿ ಹೋಗದೆ ಏನಾದೀತು. ಹಾಗಾಗಿ ಶಾಲೆ ಬಿಟ್ಟ ಮೇಲೆ ಇದೇ ಮೊದಲ ಸಲ ಪತ್ರ ಬರೆಯುತ್ತಿದ್ದೇನೆ.

ನನ್ನನ್ನೀಗ ಗಂಗಾವತಿಯಲ್ಲಿ ಅನ್ನಮ್ಮ ಎಂಬ ಹೆಣ್ಣುಮಗಳ ಕಾವಲಿಗೆ ಹಾಕಿದ್ದಾರೆ. ಐವತ್ತರ ಆಸುಪಾಸು, ಒಂಟಿ ಜೀವ. ಅಕ್ಕಿ ಗಿರಣಿಗಳ ಕಡೆ ಮಿರ್ಚಿ ಮಂಡಕ್ಕಿ ಅಂಗಡಿ ಇಟ್ಟಿದ್ದಳು. ಹೋದ ವರ್ಷ ಆ ಅಂಗಡಿಯ ಎದುರಿಗೇ ಒಬ್ಬ ಲಾರಿ ಡ್ರೈವರನನ್ನು ಕೊಂದರು. ಸುತ್ತ ಇದ್ದವರೆಲ್ಲ ಏನೂ ನೋಡಿಲ್ಲ ಅಂದರು. ಇವಳೊಬ್ಬಳು ನೋಡಿದ್ದನ್ನು ನೋಡಿದೆ ಅಂದಳು. ಕೊಂದವರು ಜಾಮೀನಿನ ಮೇಲೆ ಹೊರಗಿದ್ದಾರೆ. ಅವಳು ಕೋರ್ಟಿನಲ್ಲಿ ಸಾಕ್ಷಿ ಹೇಳುವವರೆಗೆ ಬಾಗಿಲಲ್ಲಿ ಒಬ್ಬ ಪಿಸ್ತೂಲಿನವನು ಇರಬೇಕೆಂದು ಆದೇಶವಾಗಿದೆ. ಆ ಪಿಸ್ತೂಲಿನವನು ನಾನು.

ಒಂದು ಸಣ್ಣ ವಿಷಯ ಕೇಳಬೇಕಿತ್ತು. ಈಚೆಗೆ ನನ್ನ ಗುಂಡು ಸ್ವಲ್ಪ ಎಡಕ್ಕೆ ಹೋಗುತ್ತದೆ. ದೊಡ್ಡದೇನಲ್ಲ. ವಾರ್ಷಿಕ ಫೈರಿಂಗಿನಲ್ಲಿ ಪಾಸಾಗಿದ್ದೇನೆ, ಒಳ್ಳೆಯ ನಂಬರೇ ಬಂತು, ಅದಕ್ಕೇ ಈ ಡ್ಯೂಟಿಗೆ ನನ್ನನ್ನು ಆರಿಸಿದರು. ಆದರೂ ಕೈ ಇನ್ನಷ್ಟು ನಿಂತರೆ ಒಳ್ಳೆಯದಲ್ಲವೇ. "ಬಾಯಿಲೆ ಹೇಳಬ್ಯಾಡ, ಕಾಗದಾ ತೋರ್ಸು" ಎಂದು ನೀವು ಯಾವಾಗಲೂ ಅನ್ನುತ್ತಿದ್ದಿರಿ. ಹೊಡೆದ ಗುರಿಯ ಕಾಗದವನ್ನು ಮಡಚಿ ಇದರ ಜೊತೆ ಇಟ್ಟಿದ್ದೇನೆ.

ಕಾವಲು ಸುಲಭದ್ದೇ. ಕೂತಿರುವುದು, ಅಷ್ಟೆ.

ನಿಮ್ಮ ಶಿಷ್ಯ
ಸಿದ್ದಲಿಂಗೇಶ


ತಾವರಗೇರಾ
೧೭ ಜುಲೈ ೨೦೨೪

ಸಿದ್ದಲಿಂಗೇಶ,

ಸೆಲ್ಯೂಟ್ ಮುಟ್ಟಿತು. ಸಿಲಿಂಡರಿನ ವಿಷಯಕ್ಕೆ ಇಮಾಮಬಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಕ್ಕಿದ್ದು ಕಾಣಿಸಿತು.

ನಿನ್ನ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಇದರಲ್ಲಿ ಗುಂಡು ಮಾಡಿದ ತೂತು ಎರಡೇ. ಅವೂ ಕೆಳಗೆ, ಎಡಕ್ಕೆ, ಕಾಗದದ ಅಂಚಿನಲ್ಲಿ. ಉಳಿದದ್ದೆಲ್ಲ ಬಾಲ್‌ಪೆನ್ನಿನ ತೂತು. ಗುಂಡು ಹೋದರೆ ತೂತಿನ ಸುತ್ತ ಕರೀ ಮಸಿಯ ಉಂಗುರ ಕೂರುತ್ತದೆ. ಪೆನ್ನು ಹೋದರೆ ಬರೀ ಕಾಗದ ಹರಿಯುತ್ತದೆ. ನಡುವಿನ ವೃತ್ತದಲ್ಲಿ ಎಷ್ಟು ಒಪ್ಪವಾಗಿ ಚುಚ್ಚಿದ್ದಾನೆ, ರಂಗೋಲಿ ಹಾಕುವವರಿಗೂ ಹೀಗೆ ಬರಲಿಕ್ಕಿಲ್ಲ. ನಿನ್ನ ಮೇಲೆ ಇಷ್ಟು ಪ್ರೀತಿ ಇಟ್ಟವನು ಯಾರಪ್ಪ?

ನನಗೆ ಸಿಟ್ಟು ಬಂದಿದೆ. ಪೆನ್ನು ಚುಚ್ಚಿದ್ದಕ್ಕಲ್ಲ. ಸೋತು ಬಂದ ಗೆಳೆಯನಿಗೆ ಯಾರಾದರೂ ಅಷ್ಟು ಮಾಡಿಯಾರು. ಆ ಕಾಗದದ ಪುಣ್ಯದಿಂದ ನಿನ್ನನ್ನು ಒಬ್ಬ ಹೆಂಗಸಿನ ಬಾಗಿಲಿಗೆ ಕೂರಿಸಿದ್ದಾರಲ್ಲ, ಅದಕ್ಕೆ. ತನ್ನ ಜೀವ ಬಾಲ್‌ಪೆನ್ನಿನ ಮೇಲೆ ನಿಂತಿದೆ ಎಂದು ಅವಳಿಗೆ ಗೊತ್ತೇನು?

ಕೆಳಗೆ ಎಡಕ್ಕೆ ಬಿತ್ತೆಂದರೆ ರೋಗ ಯಾವುದೆಂದು ನಾನು ಕಣ್ಣು ಮುಚ್ಚಿ ಹೇಳುತ್ತೇನೆ. ಸಪ್ಪಳಕ್ಕೆ ಹೆದರುತ್ತೀ. ಗುಂಡು ಹಾರುವ ಮೊದಲೇ ಮಣಿಕಟ್ಟು ಅದನ್ನು ತಡೆಯಲು ಕೆಳಗೆ ಬಾಗುತ್ತದೆ. ಬೆರಳು ಟ್ರಿಗರನ್ನು ಮೆಲ್ಲಗೆ ಒತ್ತುವ ಬದಲು ಕಿತ್ತು ಎಳೆಯುತ್ತದೆ. ನಂಬಿಕೆ ಬಾರದಿದ್ದರೆ ಮುಂದಿನ ಸಲ ರೇಂಜಿನಲ್ಲಿ ಮ್ಯಾಗಜಿನನ್ನು ಜೊತೆಗಾರನ ಕೈಯಲ್ಲಿ ತುಂಬಿಸು. ನಡುವೆ ಎಲ್ಲಾದರೂ ಒಂದು ಡಮ್ಮಿ ಗುಂಡು ಸೇರಿಸಲಿ. ಎಲ್ಲಿ ಎಂದು ನಿನಗೆ ಹೇಳಬಾರದು. ಡಮ್ಮಿಯ ಸರದಿ ಬಂದಾಗ ಸಪ್ಪಳವೂ ಇಲ್ಲ, ಒದೆತವೂ ಇಲ್ಲ. ಆಗಲೂ ಪಿಸ್ತೂಲಿನ ಮೂತಿ ಕೆಳಗಾದರೆ ಅದನ್ನು ಕೆಳಗೆ ಮಾಡಿದವನು ನೀನೇ. ನಿನ್ನ ಕಣ್ಣಿನಿಂದ ನೋಡು, ಆಮೇಲೆ ಬರೆ.

ಈ ಸಲ ಖರೇ ಕಾಗದ ಕಳಿಸು.

ರಾಜಾಸಾಬ


ಗಂಗಾವತಿ
೪ ಆಗಸ್ಟ್ ೨೦೨೪

ಉಸ್ತಾದರೇ,

ನೀವು ಹೇಳಿದ ಹಾಗೆಯೇ ಮಾಡಿದೆ. ಡಮ್ಮಿ ಬಂತು. ಪಿಸ್ತೂಲಿನ ಮೂತಿ, ಕೋಳಿ ಕಾಳು ಹೆಕ್ಕಿದ ಹಾಗೆ, ಕೆಳಕ್ಕೆ ಕುಕ್ಕಿತು. ಹಿಂದೆ ನಿಂತವರು ನಕ್ಕರು. ನನಗೆ ನಗುವುದಕ್ಕೂ ಬೇಸರವಾಗಿತ್ತು.

ಪೆನ್ನು ಚುಚ್ಚಿದವನು ಅಕ್ಬರ. ನಾವಿಬ್ಬರೂ ಒಟ್ಟಿಗೆ ಸೇರಿದವರು, ನಿಮ್ಮ ಕೈಯಲ್ಲೇ ಕಲಿತವರು. ಅವತ್ತು ನಾನು ಬಂದೋಬಸ್ತ್ ಮುಗಿಸಿ, ಮನೆಗೂ ಹೋಗದೆ, ನೇರ ರೇಂಜಿಗೆ ಬಂದಿದ್ದೆ. ಅವನು ಗುರಿಹಲಗೆಗಳ ಹತ್ತಿರ ಡ್ಯೂಟಿಯಲ್ಲಿದ್ದ. ನನ್ನ ಮುಖ ನೋಡಿ, "ನೀ ಮೊದ್ಲ ಮನೀಗೆ ಹೋಗಿ ಮಕ್ಕೋ, ಇದನ್ನ ನಾ ನೋಡ್ಕೋತೀನಿ" ಅಂದ. ನಾನು ಬೇಡ ಅನ್ನಲಿಲ್ಲ. ಕಾಗದದ ಮೇಲೆ ನಾನು ಒಳ್ಳೆಯ ಗುರಿಕಾರನಾದೆ. ಒಳ್ಳೆಯ ಗುರಿಕಾರ ಯಾರೆಂದು ಹುಡುಕುವಾಗ ಸಾಹೇಬರ ಕೈಗೆ ಅದೇ ಕಾಗದ ಸಿಕ್ಕಿತು.

ಈಗ ಹೇಳಿಬಿಡೋಣವೆಂದರೆ ಅಕ್ಬರನ ನೌಕರಿಗೆ ಕುತ್ತು. ಅದಕ್ಕಿಂತ ಹೆಚ್ಚಾಗಿ, ನನ್ನ ಬದಲಿಗೆ ಬರಲು ಜನವಿಲ್ಲ. ನನ್ನ ಸರದಿ ಮುಗಿದ ಮೇಲೆ ಬರಬೇಕಾದವನನ್ನೇ ವಾರಕ್ಕೊಂದು ಬಂದೋಬಸ್ತಿಗೆ ಎಳೆದುಕೊಳ್ಳುತ್ತಾರೆ, ಆಗ ಅವನ ಪಾಳಿಯೂ ನನ್ನದೇ. ನಾನು ಎದ್ದು ಹೋದರೆ ಈ ಬಾಗಿಲಲ್ಲಿ ಖಾಲಿ ಖುರ್ಚಿ ಉಳಿಯುತ್ತದೆ.

ನಿಮಗೆ ಈ ಓಣಿಯನ್ನು ತಿಳಿಸಬೇಕು. ಎರಡು ಬೈಕು ಎದುರುಬದುರು ಬಂದರೆ ಒಂದು ನಿಲ್ಲಬೇಕು, ಅಷ್ಟು ಇಕ್ಕಟ್ಟು. ನನ್ನ ಖುರ್ಚಿ ಕಟ್ಟೆಯ ಬಲಕ್ಕೆ. ಯಾರೇ ಬಂದರೂ ಎದುರಿನಿಂದ ಬರಬೇಕು. ಅನ್ನಮ್ಮನಿಗೆ ಒಳಗೆ ಕೂತಿರು ಅಂದರೆ ಕೇಳುವ ಜಾತಿಯಲ್ಲ. ಹೊಸ್ತಿಲಿನ ಹತ್ತಿರ ನಿಂತು ಪಕ್ಕದ ಮನೆಯ ಮಾರೆವ್ವನ ಜೊತೆ ಮಾತಾಡುತ್ತಾಳೆ. ಆ ಜಾಗ ನನ್ನ ಎಡಕ್ಕಿದೆ, ಒಂದು ಮೆಟ್ಟಿಲು ಕೆಳಗೆ. ಬಂದವನಿಗೆ ನಾನು ಗುಂಡು ಹೊಡೆದರೆ ಅದು ಹೋಗಿ ಬೀಳುವುದು ಅನ್ನಮ್ಮನಿಗೆ. ನನಗಿರುವ ಹೆದರಿಕೆ ಇದೊಂದೇ ಉಸ್ತಾದರೇ. ಅವರ ಕೈಯಲ್ಲಿ ಅವಳು ಉಳಿದರೂ ನನ್ನ ಕೈಯಲ್ಲಿ ಉಳಿಯಲಿಕ್ಕಿಲ್ಲ.

ಊಟ ಅವಳೇ ಹಾಕುತ್ತಾಳೆ. ನಿದ್ದೆ ಸ್ವಲ್ಪ ಕಡಿಮೆ, ಅದನ್ನು ಬಿಟ್ಟರೆ ಆರಾಮ. ಕೈಗೆ ಏನಾದರೂ ಔಷಧ ಹೇಳಿ.

ಸಿದ್ದಲಿಂಗೇಶ


ತಾವರಗೇರಾ
೧೪ ಆಗಸ್ಟ್ ೨೦೨೪

ಸಿದ್ದಲಿಂಗೇಶ,

ಈಗ ನೀನು ನನ್ನ ಶಿಷ್ಯನ ಹಾಗೆ ಬರೆದೆ.

ಔಷಧ ಇದೆ, ಬೇಸರವಿಲ್ಲದೆ ಮಾಡಬೇಕು. ಕಾವಲಿನ ಜಾಗದಲ್ಲಿ ಪಿಸ್ತೂಲನ್ನು ಹೊರಗೆ ತೆಗೆಯಬೇಡ, ಅದು ತಪ್ಪು, ಅಪಾಯ ಕೂಡ. ಅದಕ್ಕೇ ಕಿನ್ನಾಳಕ್ಕೆ ಹೋಗಿ, ಗೊಂಬೆ ಮಾಡುವವರ ಹತ್ತಿರ ಮರದ ಪಿಸ್ತೂಲು ಮಾಡಿಸಿ ತಂದಿದ್ದೇನೆ. ತೂಕ ಬರಲೆಂದು ಹಿಡಿಕೆಯಲ್ಲಿ ಸೀಸ ಹಾಕಿಸಿದ್ದೇನೆ. ಬಣ್ಣ ಬೇಡ ಅಂದೆ. ಅವನು ಏನೋ ಹೇಳಿದ, ನನಗೆ ಕೇಳಿಸಲಿಲ್ಲ, ತಲೆಯಾಡಿಸಿದೆ. ಗಿಳಿಹಸಿರು ಹಚ್ಚಿ ಕೊಟ್ಟಿದ್ದಾನೆ. ಗಂಗಾವತಿ ಬಸ್ಸಿನ ಕಂಡಕ್ಟರ್ ಪಂಪಣ್ಣನ ಕೈಯಲ್ಲಿ ಕಳಿಸುತ್ತೇನೆ, ಬಸ್‌ಸ್ಟ್ಯಾಂಡಿನಲ್ಲಿ ಇಸಿದುಕೋ.

ಹಿಡಿಯುವುದು ಹೇಗೆಂದು ಮರೆತಿದ್ದರೆ ಕೇಳು. ಹಿಡಿಕೆಯನ್ನು ಅಂಗೈಯ ಮೇಲ್ತುದಿಗೆ ಒತ್ತಿ ಹಿಡಿ, ಎಡಗೈ ಅದನ್ನು ಅಪ್ಪಿಕೊಳ್ಳಲಿ. ಹಿಸುಕಬೇಡ, ಹಿಸುಕಿದ ಕೈ ನಡುಗುತ್ತದೆ. ಬೆರಳಿನ ತುದಿಯ ಮೆತ್ತೆ ಮಾತ್ರ ಟ್ರಿಗರಿನ ಮೇಲಿರಲಿ, ಗೆಣ್ಣು ಬೇಡ. ಕಣ್ಣು ಮೂತಿಯ ಮೇಲಿನ ಮುಂಗುರಿಯನ್ನು, ಆ ಸಣ್ಣ ಮೊನೆಯನ್ನು, ನೋಡಲಿ. ಎದುರಿನ ಮನುಷ್ಯ ಮಬ್ಬಾದರೆ ಆಗಲಿ, ಅದು ಸರಿ. ಉಸಿರು ಎಳೆದುಕೋ, ಅರ್ಧ ಬಿಡು, ನಿಲ್ಲಿಸು, ಒತ್ತು. ಯಾವಾಗ ಹಾರಿತು ಎಂದು ನಿನಗೇ ಗೊತ್ತಾಗಬಾರದು. ಮೂತಿಯ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟುಕೊಂಡು ಇದನ್ನೆಲ್ಲ ಮಾಡು. ನಾಣ್ಯ ಬೀಳದ ದಿನ ನನಗೆ ಬರೆ.

ನನ್ನ ಆರೋಗ್ಯ ಚೆನ್ನಾಗಿದೆ. ಹೊತ್ತು ಹೋಗುತ್ತದೆ.

ರಾಜಾಸಾಬ

(ಅದೇ ಕಾಗದದ ಕೆಳಗೆ, ಬೇರೆ ಕೈಬರಹದಲ್ಲಿ)

ಸಿದ್ದಲಿಂಗೇಶಪ್ಪ, ನಾ ಇಮಾಮಬಾನು. ಅವರು ಹೇಳಂಗಿಲ್ಲ, ಅದಕ್ಕ ನಾ ಬರೀಲಿಕ್ಕತ್ತೀನಿ. ಮಂದಿ ಮಾತು ಕೇಳ್ಸಂಗಿಲ್ಲಂತ ಈ ಮನಷಾ ವರ್ಷಾತು ಮನಿ ಬಿಟ್ಟು ಹೊರಗ ಹೋಗಿದ್ದಿಲ್ಲ. ನಿನ್ನ ಪತ್ರ ಬಂದಮ್ಯಾಗ ಕಿನ್ನಾಳಕ್ಕ ಹೋಗಿ ಬಂದಾರ. ಪೋಸ್ಟ್ ಬರೂ ಹೊತ್ತಿಗೆ ಬಾಗ್ಲಾಗ ನಿಂದರ್ತಾರ. ಬರ್ಕೋಂತ ಇರಪ್ಪ.


ಗಂಗಾವತಿ
೨೦ ಅಕ್ಟೋಬರ್ ೨೦೨೪

ಉಸ್ತಾದರೇ,

ಪತ್ರ ತಡವಾಯಿತು. ಗಣಪತಿ, ದಸರಾ ಎಂದು ಎಲ್ಲರನ್ನೂ ಬಂದೋಬಸ್ತಿಗೆ ಹಾಕಿದ್ದರು, ಇಲ್ಲಿ ನಾನೊಬ್ಬನೇ. ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ.

ಹಸಿರು ಪಿಸ್ತೂಲು ತಲುಪಿತು. ಅನ್ನಮ್ಮ ಅದನ್ನು ನೋಡಿ, "ಇದನ್ನ ತೋರ್ಸಿದ್ರ ಅವರು ನಕ್ಕೋಂತನ ಸಾಯ್ತಾರ ಬಿಡು" ಅಂದಳು. ಅವಳು ನಕ್ಕಿದ್ದನ್ನು ನಾನು ಅವತ್ತೇ ನೋಡಿದ್ದು.

ಮೊನ್ನೆ ರೇಂಜಿಗೆ ಹೋಗಿದ್ದೆ. ಕಾಗದ ಇಟ್ಟಿದ್ದೇನೆ, ಬೆಳಕಿಗೆ ಹಿಡಿದು ನೋಡಿ. ಪೆನ್ನು ಯಾರೂ ಮುಟ್ಟಿಲ್ಲ. ಡಮ್ಮಿ ಬಂದಾಗ ಮೂತಿ ಅಲ್ಲಾಡಲಿಲ್ಲ. ಹಿಂದೆ ಯಾರೂ ನಗಲಿಲ್ಲ.

ಡಿಸೆಂಬರಿನಲ್ಲಿ ಅನ್ನಮ್ಮನ ಸಾಕ್ಷಿ. ಅಲ್ಲಿಯವರೆಗೆ ಹೀಗೇ ಇದ್ದರೆ ಸಾಕು.

ಸಿದ್ದಲಿಂಗೇಶ


ತಾವರಗೇರಾ
೨೯ ಅಕ್ಟೋಬರ್ ೨೦೨೪

ನನ್ನ ಮಗನೇ, ಸಿದ್ದಲಿಂಗೇಶ,

ಕಾಗದ ನೋಡಿದೆ. ಎಲ್ಲಕ್ಕೂ ಕರೀ ಉಂಗುರ. ಐದೂ ತೂತನ್ನು ನನ್ನ ಒಂದು ಅಂಗೈಯಲ್ಲಿ ಮುಚ್ಚಬಹುದು. ನಡುವಿನ ಎರಡು ಒಂದನ್ನೊಂದು ತಾಗಿವೆ. ಈ ತಾವರಗೇರಾದಲ್ಲಿ ಇವತ್ತು ನನ್ನಷ್ಟು ಖುಷಿಯ ಮನುಷ್ಯ ಇನ್ನೊಬ್ಬನಿಲ್ಲ.

ಕಾಗದವನ್ನು ಗೋಡೆಗೆ ಅಂಟಿಸಿದ್ದೇನೆ. ಹಾಲು ಹಾಕುವವನಿಗೂ ತೋರಿಸಿದೆ. ಶುಕ್ರವಾರ ನಮಾಜು ಮುಗಿಸಿ ಬಂದ ನೆರೆಮನೆಯ ಬಾಬಾಸಾಬನನ್ನು ಮನೆಗೆ ಎಳೆದು ತಂದು ತೋರಿಸಿದೆ. ಅವನು ಏನೆಂದನೋ ತಿಳಿಯದು, ಆದರೆ ಬೆನ್ನು ತಟ್ಟಿದ. ನೋಡು, ಫೋನಿನಲ್ಲಿ ಒಂದು ಮಾತೂ ಕೇಳಿಸದ ಮುದುಕ, ರೇಂಜಿಗೆ ಕಾಲಿಡದೆ, ಬರೀ ಪತ್ರದಲ್ಲಿ ನಿನ್ನ ಕೈ ನಿಲ್ಲಿಸಿದೆ. ಮರದ ಪಿಸ್ತೂಲು, ನಾಣ್ಯ, ಅರ್ಧ ಉಸಿರು.

ಒಂದು ವಿಚಾರ ಮಾಡಿದ್ದೇನೆ. ತರಬೇತಿ ನೋಡಿಕೊಳ್ಳುವ ಸಾಹೇಬರಿಗೆ ಅರ್ಜಿ ಬರೆಯುತ್ತೇನೆ. ಡ್ಯೂಟಿಯ ಜಾಗದಲ್ಲೇ ಕೂತು ಮಾಡುವ ಈ ಅಭ್ಯಾಸವನ್ನು ಎಲ್ಲ ಕಾವಲಿನವರಿಗೂ ಹಾಕಿ, ಬೇಕಾದರೆ ನಾನೇ ಬಂದು ಕಲಿಸುತ್ತೇನೆ ಎಂದು. ಕೆಳಗೆ ನೀನೂ ಸಹಿ ಹಾಕಬೇಕು, ಇದರಿಂದಲೇ ನನ್ನ ಗುರಿ ಸರಿಯಾಯಿತು ಎಂದು. ಅರ್ಜಿ ಇದರ ಜೊತೆಗಿದೆ. ಸಹಿ ಹಾಕಿ ತಿರುಗಿ ಕಳಿಸು.

ರಾಜಾಸಾಬ


ಗಂಗಾವತಿ
೧೨ ನವೆಂಬರ್ ೨೦೨೪

ಉಸ್ತಾದರೇ,

ಅರ್ಜಿಯನ್ನು ಸಹಿ ಹಾಕದೆ ತಿರುಗಿ ಕಳಿಸುತ್ತಿದ್ದೇನೆ. ಒಂದು ವಾರ ಇದನ್ನು ಕಿಸೆಯಲ್ಲಿಟ್ಟುಕೊಂಡು ತಿರುಗಿದೆ. ನಿಮ್ಮ ಹೆಸರಿನಲ್ಲಿ ಇನ್ನೊಂದು ಪೆನ್ನಿನ ತೂತು ನನ್ನಿಂದ ಆಗುವುದಿಲ್ಲ.

ಆಗಸ್ಟ್ ಕೊನೆಗೆ ನಾನು ಬಾಗಿಲಲ್ಲಿ ಕೂತಲ್ಲೇ ತೂಕಡಿಸಿ ಖುರ್ಚಿಯಿಂದ ಬಿದ್ದೆ. ಅನ್ನಮ್ಮ ಓಡಿಬಂದಳು. ನನಗೆ ಯಾರೋ ಹೊಡೆದರು ಅಂದುಕೊಂಡಿದ್ದಳು. ಬದುಕಿದ್ದೇನೆಂದು ಗೊತ್ತಾದ ಮೇಲೆ ಬೈಯಲು ಶುರು ಮಾಡಿದಳು.

"ನೀ ಕುಂತು ತೂಕಡಸೂದಕ್ಕಿಂತ ಮಕ್ಕೊಂಡು ನಿದ್ದಿ ಮಾಡೂದು ಛಲೋ. ಒಳಗ ಚಾಪಿ ಹಾಸೀನಿ, ನಡಿ. ನಾ ಬಾಗ್ಲಾಗ ಕುಂದರ್ತೀನಿ."

ನಾನು ರೂಲ್ಸ್ ಹೇಳಿದೆ. ನಿನ್ನನ್ನು ಕಾಯಲು ಬಂದವನು ನಾನು ಅಂದೆ.

"ಕಾಯ್ದಿದ್ದು ಕಂಡೀನಿ ಬಿಡಪ್ಪಾ. ನನಗ ಹೆಂಗೂ ನಿದ್ದಿ ಬರಂಗಿಲ್ಲ. ಯಾರರ ಬಂದ್ರ ಒದರ್ತೀನಿ, ಎದ್ದು ಬಾ."

ಅವತ್ತಿನಿಂದ ದಿನಾ ಮಧ್ಯಾಹ್ನ ಊಟವಾದ ಮೇಲೆ ನಾನು ಬಾಗಿಲ ಹಿಂದಿನ ಚಾಪೆಯ ಮೇಲೆ ಮಲಗುತ್ತೇನೆ. ಮಿರ್ಚಿ ತೆಗೆಯುವ ದೊಡ್ಡ ಸೌಟು ತೊಡೆಯ ಮೇಲಿಟ್ಟುಕೊಂಡು ಅವಳು ನನ್ನ ಖುರ್ಚಿಯಲ್ಲಿ ಕೂರುತ್ತಾಳೆ. ಯಾರ ಜೀವಕ್ಕೆ ಅಪಾಯವೋ ಅವಳನ್ನು ಹೊರಗೆ ಕೂರಿಸಿ ಪಿಸ್ತೂಲಿನವನು ಒಳಗೆ ಮಲಗುವುದು. ಇದನ್ನು ಯಾವ ಸಾಹೇಬರಿಗೆ ಹೇಳಲಿ, ನಿಮಗಾದರೂ ಯಾವ ಮುಖದಿಂದ ಹೇಳಲಿ. ನಾಚಿಕೆಯಾಗುತ್ತದೆ. ಆದರೂ ಮಲಗುತ್ತೇನೆ, ಕಲ್ಲಿನ ಹಾಗೆ ನಿದ್ದೆ ಬರುತ್ತದೆ.

ಹಾಗೆ ಕೆಲವು ವಾರ ಕಳೆದ ಮೇಲೆ ರೇಂಜಿಗೆ ಹೋದರೆ ಕೈ ತಾನೇ ನಿಂತಿತು. ನಿದ್ದೆಗೆಟ್ಟವನಿಗೆ ತಟ್ಟೆ ಬಿದ್ದರೂ ಎದೆ ಹೊಡೆದುಕೊಳ್ಳುತ್ತದೆ, ಪಿಸ್ತೂಲಿನ ಸಪ್ಪಳ ಕೇಳಬೇಕೇ. ನೀವು ಹೇಳಿದ ಹಿಡಿತ, ಉಸಿರು ಎಲ್ಲ ಆಗ ನೆನಪಿಗೆ ಬಂತು, ಅದು ಖರೇ. ಮರದ ಪಿಸ್ತೂಲನ್ನು ಮಾತ್ರ ನಾನು ಹಿಡಿದದ್ದು ಕಡಿಮೆ. ಅದೀಗ ಮಾರೆವ್ವನ ಮೊಮ್ಮಗನ ಹತ್ತಿರ ಇದೆ.

ಬೈದು ಬರೆಯಿರಿ.

ಸಿದ್ದಲಿಂಗೇಶ


ಕೊಪ್ಪಳ
೨೯ ಡಿಸೆಂಬರ್ ೨೦೨೪

ಉಸ್ತಾದರೇ,

ನಿಮ್ಮಿಂದ ಬೈಗುಳವೂ ಬರಲಿಲ್ಲ. ಪೋಸ್ಟಿನವನನ್ನು ಕೇಳಿ ಕೇಳಿ ಸಾಕಾಗಿ ಈಗ ನಾನೇ ಬರೆಯುತ್ತಿದ್ದೇನೆ.

ಅನ್ನಮ್ಮ ಸಾಕ್ಷಿ ಹೇಳಿದಳು. ಕೊಂದವರ ಕಡೆಯ ವಕೀಲರು, ಮಿರ್ಚಿ ಕರಿಯುವವಳು ರಸ್ತೆಯನ್ನು ಹೇಗೆ ನೋಡಿದೆ ಎಂದು ಕೇಳಿದರು. "ಎಣ್ಣಿ ಕಾಯೂತನಕ ರಸ್ತೆ ನೋಡ್ದ ಇನ್ನೇನ್ ನೋಡ್ಲಿರಿ" ಅಂದಳು. ಯಾರು, ಎಲ್ಲಿ ನಿಂತಿದ್ದರು, ಯಾವ ಕೈಯಲ್ಲಿ ಏನಿತ್ತು, ಎಲ್ಲ ಹೇಳಿದಳು. ಒಂದು ಸಲವೂ ಮಾತು ಬದಲಿಸಲಿಲ್ಲ. ನಾನು ಬಾಗಿಲಲ್ಲಿ ನಿಂತು ಕೇಳಿದೆ.

ಅದಾದ ವಾರಕ್ಕೆ ಆದೇಶ ಬಂತು. ಸಾಕ್ಷಿ ಮುಗಿದಿರುವುದರಿಂದ ಕಾವಲು ಹಿಂದಕ್ಕೆ ಪಡೆಯಲಾಗಿದೆ. ತೀರ್ಪು ಇನ್ನೂ ಆಗಿಲ್ಲ, ಅವರು ಹೊರಗೇ ಇದ್ದಾರೆ, ಈಗಲ್ಲವೇ ಅವರಿಗೆ ಸಿಟ್ಟು ಎಂದು ನಾನು ಕೇಳಿದೆ. ಅರ್ಜಿ ಕೊಡಲಿ, ನೋಡೋಣ ಅಂದರು. ಅರ್ಜಿ ಬರೆದು ಅವಳ ಹೆಬ್ಬೆಟ್ಟು ಹಾಕಿಸಿ ಕೊಟ್ಟು ಬಂದಿದ್ದೇನೆ. ಪರಿಶೀಲನೆಯಲ್ಲಿದೆಯಂತೆ.

ಪಿಸ್ತೂಲು ಒಪ್ಪಿಸುವ ಮುನ್ನ ಕೊನೆಯ ಸಲ ರೇಂಜಿಗೆ ಕಳಿಸಿದರು. ಎಲ್ಲವೂ ಒಳಗಿನ ವೃತ್ತದಲ್ಲಿ ಬಿದ್ದವು. ಸಾಹೇಬರು ಶಹಬ್ಬಾಸ್ ಅಂದರು. ನನಗೆ ಆ ಕಾಗದವನ್ನು ಹರಿದು ಹಾಕುವಷ್ಟು ಬೇಸರವಾಯಿತು. ಕಲಿತದ್ದು ಈಗ ಯಾರಿಗೆ ಬೇಕು. ನ್ಯಾಯಾಲಯಕ್ಕೆ ಕೈದಿಗಳನ್ನು ಕರೆದೊಯ್ಯುವ ಕೆಲಸಕ್ಕೆ ಹಾಕಿದ್ದಾರೆ.

ನಾನು ಚೀಲ ಹಿಡಿದು ಹೊರಟ ದಿನ ಓಣಿಯಲ್ಲಿ ಒಂದು ಬೈಕು ಬಂತು. ನಮ್ಮ ಕಟ್ಟೆಯ ಹತ್ತಿರ ನಿಧಾನವಾಗಿ, ಮತ್ತೆ ಹೋಯಿತು.

"ಖುರ್ಚಿ ಖಾಲಿ ಐತಿಲ್ಲೋ ನೋಡಾಕ ಬಂದಿದ್ರು," ಅಂದಳು ಅನ್ನಮ್ಮ. "ನೀ ಹೋಗು, ಬಸ್ ತಪ್ತೈತಿ."

ಬಂದುಬಿಟ್ಟೆ. ಬರದೆ ಏನು ಮಾಡಲಿ. ನಾನು ಬಂದ ಮೇಲೆ ಅವಳು ಒಬ್ಬಳೇ ಕೂತಿರುತ್ತಾಳೆ. ಈಗ ನನಗೆ ನಿದ್ದೆಗೆ ಪುರುಸೊತ್ತಿದೆ, ನಿದ್ದೆ ಬರುವುದಿಲ್ಲ.

ಸಿದ್ದಲಿಂಗೇಶ


ಗಂಗಾವತಿ
೧೯ ಜನವರಿ ೨೦೨೫

ಸಿದ್ದಲಿಂಗೇಶ,

ಮೇಲೆ ಊರಿನ ಹೆಸರು ಸರಿಯಾಗಿಯೇ ಬರೆದಿದ್ದೇನೆ. ನಾನು ಅನ್ನಮ್ಮನ ಕಟ್ಟೆಯ ಮೇಲೆ, ನಿನ್ನ ಖುರ್ಚಿಯಲ್ಲಿ ಕೂತಿದ್ದೇನೆ. ಕುಶನ್ ಹಾಕಿಸಬಾರದಿತ್ತೇ, ಸೊಂಟ ಹಿಡಿದುಕೊಂಡಿದೆ.

ನಿನ್ನ ನವೆಂಬರಿನ ಪತ್ರ ಓದಿ ಗೋಡೆಯ ಕಾಗದ ಕಿತ್ತು ಹಾಕಿದೆ. ಊರೆಲ್ಲ ತೋರಿಸಿದ್ದೆನಲ್ಲ, ಅವಮಾನವಾಯಿತು. ಈ ಮುದುಕನಿಗೆ ಇದ್ದದ್ದು ಅದೊಂದು ವಿದ್ಯೆ, ಅದೂ ಒಂದು ಚಾಪೆಯ ಮುಂದೆ ಸೋತಿತೇ ಎಂದು ಊಟ ಬಿಟ್ಟೆ. ನಿನ್ನ ಮೇಲೆ ಸಿಟ್ಟು, ಆ ಹೆಂಗಸಿನ ಮೇಲೆ ಇನ್ನೂ ಸಿಟ್ಟು. ಅದಕ್ಕೇ ಬರೆಯಲಿಲ್ಲ.

ಆಮೇಲೆ ಡಿಸೆಂಬರಿನ ಪತ್ರ ಬಂತು. ಓದಿ ಇಮಾಮಬಾನು ಕೈಗೆ ಕೊಟ್ಟೆ. ಅವಳು ಓದಿ ನನ್ನ ಎರಡು ಅಂಗಿ, ತನ್ನ ಎರಡು ಸೀರೆ ಚೀಲಕ್ಕೆ ತುಂಬಿದಳು. ಬದುಕಿನಲ್ಲಿ ಮೊದಲ ಸಲ ನಾನು ಎಲ್ಲಿಗೆ ಎಂದು ಕೇಳಲಿಲ್ಲ. ಮಾರೆವ್ವ ತನ್ನ ಮುಂದಿನ ಕೋಣೆ ಬಿಟ್ಟುಕೊಟ್ಟಿದ್ದಾಳೆ. ಅಲ್ಲಿದ್ದೇವೆ.

ಬಂದ ದಿನ ಅನ್ನಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅವಳು ಕೇಳಿದ್ದನ್ನು ಇಮಾಮಬಾನು ಕೈಸನ್ನೆ ಮಾಡಿ ತಿಳಿಸಿದಳು. "ನಿಮ್ಮತ್ರ ಪಿಸ್ತೂಲ್ ಐತೇನ್ರಿ?" ಇಲ್ಲ ಅಂದೆ. "ಕಿವಿ?" ಅದೂ ಇಲ್ಲ ಅಂದೆ. "ಮತ್ತ ಏನೈತ್ರಿ ನಿಮ್ಮತ್ರ?" ನನಗೆ ಹಗಲು ನಿದ್ದೆ ಬರುವುದಿಲ್ಲ ಅಂದೆ. ಅದಕ್ಕೆ ನಕ್ಕಳು.

ಇಷ್ಟು ವರ್ಷ ನಾನು ಕಾಗದಕ್ಕೆ ಗುಂಡು ಹೊಡೆಯುವುದನ್ನು ಕಲಿಸಿದೆ. ಒಂದು ದಿನವೂ ಯಾರ ಬಾಗಿಲನ್ನೂ ಕಾಯಲಿಲ್ಲ. ಇಲ್ಲಿ ಕೂತ ಮೇಲೆ ಗೊತ್ತಾಯಿತು, ಎಷ್ಟು ದಣಿವಾಗುತ್ತದೆ ಎಂದು. ಯಾರಾದರೂ ಬಂದರೆ ನಾನು ಏನು ಮಾಡಬಲ್ಲೆ? ಕೂಗಬಲ್ಲೆ. ಪರೇಡಿನ ಗಂಟಲು ಇನ್ನೂ ಇದೆ. ಮೊನ್ನೆ ಬೈಕಿನವನು ಬಂದ. ಎದ್ದು ನಿಂತು, ಪರೇಡನ್ನು ನಿಲ್ಲಿಸುವ ಹಾಗೆ, "ಥಮ್!" ಎಂದು ಕೂಗಿದೆ. ಓಣಿಯ ಬಾಗಿಲುಗಳೆಲ್ಲ ತೆರೆದವು, ಹೆಂಗಸರು, ಗಂಡಸರು ಎಲ್ಲ ಹೊರಗೆ ಬಂದರು. ಅವನು ಹಿಂದೆ ತಿರುಗಿಸಲೂ ಆಗದೆ ಎಲ್ಲರ ಮುಖ ದಾಟಿ ಹೋಗಬೇಕಾಯಿತು. ಮತ್ತೆ ಬರುತ್ತಾನೋ ಏನೋ. ಬರುವುದಿಲ್ಲ ಎಂದು ನಿನಗೆ ಸುಳ್ಳು ಬರೆಯಲಾರೆ. ನಿನ್ನ ಅರ್ಜಿಯ ಹಿಂದೆ ಬಿದ್ದಿರು, ಬಿಡಬೇಡ.

ಅನ್ನಮ್ಮನಿಗೆ ಮೊದಲ ಕೆಲವು ದಿನ ನಮ್ಮ ಮೇಲೆ ನಂಬಿಕೆ ಬರಲಿಲ್ಲ. ಮಲಗು ಅಂದರೆ ಮಲಗುವಳು, ಕಣ್ಣು ಬಿಟ್ಟುಕೊಂಡೇ ಇರುವಳು, ಎದ್ದು ಬಂದು ನಾನು ಇದ್ದೇನೋ ಇಲ್ಲವೋ ನೋಡಿ ಹೋಗುವಳು. ಆ ಡ್ರೈವರ್ ಸತ್ತ ದಿನದಿಂದ ಅವಳು ಕಣ್ಣು ಮುಚ್ಚಿಲ್ಲ. ನಿನ್ನನ್ನು ಮಲಗಿಸಿ ಕೂತವಳನ್ನು ಮಲಗಿಸಲು ಯಾರೂ ಇರಲಿಲ್ಲವಲ್ಲ, ಅದು ನನಗೂ ಹೊಳೆಯಲಿಲ್ಲ, ನಿನಗೂ ಹೊಳೆಯಲಿಲ್ಲ.

ಇವತ್ತು ಊಟ ಮಾಡಿ ಒಳಗೆ ಹೋದವಳು ಇನ್ನೂ ಎದ್ದಿಲ್ಲ. ಇಮಾಮಬಾನು ಬಾಗಿಲಲ್ಲಿ ಇಣುಕಿ ನೋಡಿ ಬಂದು, ಕೆನ್ನೆಯ ಕೆಳಗೆ ಕೈಯಿಟ್ಟು ತೋರಿಸಿ, ಮೂಗಿನ ಮೇಲೆ ಬೆರಳಿಟ್ಟು ನಕ್ಕಳು. ಗೊರಕೆ ಹೊಡೆಯುತ್ತಿದ್ದಾಳಂತೆ, ಓಣಿಗೆಲ್ಲ ಕೇಳುವಂತೆ. ಕಿವಿ ಹೋದದ್ದಕ್ಕೆ ನಾನು ಈವರೆಗೆ ಒಮ್ಮೆಯೂ ಅತ್ತವನಲ್ಲ. ಇವತ್ತು ಅದೊಂದು ಕೇಳಿಸಬೇಕಿತ್ತು ಅನ್ನಿಸಿ ಅಳು ಬಂತು.

ಪತ್ರ ಇಲ್ಲಿಗೆ ನಿಲ್ಲಿಸುತ್ತೇನೆ. ಬರೆಯುತ್ತ ಕೂತರೆ ರಸ್ತೆಯ ಕಡೆ ಕಣ್ಣಿರುವುದಿಲ್ಲ.

ರಾಜಾಸಾಬ